ಮನೆಗೆಲಸಕ್ಕೆ ಮುಯ್ಯಾಳು

ಡಿಸೆಂಬರ್ ಮೊದಲ ವಾರ ರಾಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕುಶಾಲನಗರದ ಆಸ್ಪತ್ರೆಯಲ್ಲಿ ಅಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ನೀರು ತಾಗಿಸಬಾರದು ಎಂದು ಹೇಳಿ ಕಳುಹಿಸಿದರು. ಮರುದಿನ ಬೆಳಿಗ್ಗೆ ಅಂಗಳ ಗುಡಿಸಿರಲಿಲ್ಲ, ಹಂಡೆಯಲ್ಲಿ ನೀರು ಕಾದಿರಲಿಲ್ಲ, ಹಿಂದಿನ ರಾತ್ರಿಯ ಪಾತ್ರೆಗಳು ಒಗೆಯುವ ಕಲ್ಲಿನ ಪಕ್ಕ ಹಾಗೆಯೇ ಬಿದ್ದಿದ್ದವು. ಇಷ್ಟು ವರ್ಷ ಈ ಕೆಲಸಗಳೆಲ್ಲ ಎಷ್ಟು ಹೊತ್ತಿಗೆ, ಯಾರ ಕೈಯಲ್ಲಿ ಮುಗಿಯುತ್ತಿದ್ದವು ಎಂದು ಯಾರೂ ಕೇಳಿರಲಿಲ್ಲ.

ಕೂಡಿಗೆ ದಾಟಿ ಹಾಸನದ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ, ಹಾರಂಗಿ ನಾಲೆಯ ಪಕ್ಕದಲ್ಲಿ ಅವರ ಮನೆ. ರಾಮಮ್ಮ ಅರಕಲಗೂಡು ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಮಗ ಸಣ್ಣಸ್ವಾಮಿಗೆ ನಾಲೆಯ ಕೆಳಗೆ ಗದ್ದೆ, ಜೊತೆಗೆ ಬಾಡಿಗೆಗೆ ಓಡಿಸುವ ಒಂದು ಪಿಕಪ್. ಸೊಸೆ ರಂಜಿತಾ ಕೂಡ್ಲೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತಿದ್ದಳು; ಹೆಂಗಸರ ಸಾಲಿನಲ್ಲಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸಿ ತೆಗೆಯುವ ಕೆಲಸ. ಮೊಮ್ಮಗ ದೀಪಕ್ ಒಂಬತ್ತನೇ ಕ್ಲಾಸು, ಮೊಮ್ಮಗಳು ಲಿಖಿತಾ ಆರನೇ ಕ್ಲಾಸು.

ಅತ್ತೆಯ ಕೈ ಮುರಿದ ವಾರವೇ ಮ್ಯಾನೇಜರು ರಂಜಿತಾಳನ್ನು ಆಫೀಸಿಗೆ ಕರೆದರು. ಬೀಜದ ಬಣ್ಣ ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವ ಹೊಸ ಯಂತ್ರ ಬಂದು ಕೂತಿತ್ತು. ಅದನ್ನು ನೋಡಿಕೊಳ್ಳಲು ಅವಳು ಆಗಬಹುದು ಎಂದು ಅವರಿಗೆ ಅನ್ನಿಸಿತ್ತು.

“ಕೂತು ಆರಿಸೋ ಸಾಲು ಇನ್ನು ಚಿಕ್ಕದಾಗ್ತಾನೇ ಹೋಗುತ್ತಮ್ಮ,” ಎಂದರು ಅವರು. “ಯಂತ್ರಕ್ಕೆ ಬಂದ್ರೆ ಕಾಯಂ ಕೆಲಸ. ಆದ್ರೆ ಒಂಬತ್ತಕ್ಕಲ್ಲ, ಏಳಕ್ಕೆ ಇಲ್ಲಿರ್ಬೇಕು. ಹೊಸ ಕಾಫಿ ಬರೋಕೆ ಮುಂಚೆ, ಸಂಕ್ರಾಂತಿಯೊಳಗೆ ಹೇಳಿ.”

ಆ ಸಂಜೆ ಊಟಕ್ಕೆ ಕೂತಾಗ ರಂಜಿತಾ ವಿಷಯ ತೆಗೆದಳು.

“ಏಳಕ್ಕೆ ಅಲ್ಲಿರ್ಬೇಕು ಅಂದ್ರೆ ಇಲ್ಲಿ ಆರೂವರೆ ಬಸ್ಸು,” ಎಂದ ಸಣ್ಣಸ್ವಾಮಿ. “ಅವ್ವನ ಕೈ ಹಿಂಗೈತೆ. ತಿಂಡಿ ಯಾರು, ಡಬ್ಬಿ ಯಾರು, ಪಾತ್ರೆ ಯಾರು?”

“ತಿಂಡಿ, ಡಬ್ಬಿ ನಾನು ಮಾಡಿಟ್ಟು ಹೋಗ್ತೀನಿ. ಪಾತ್ರೆ, ಕಸ, ನೀರು, ಹಾಸಿಗೆ ಮಡಚೋದು, ಇವಕ್ಕೆ ಮನೇಲಿ ಎರಡು ಜನ ಇದಾರಲ್ಲ.”

“ಯಾರು?” ಎಂದ ದೀಪಕ್, ಮುದ್ದೆ ಮುರಿಯುತ್ತ.

“ನೀನೇ, ಮಾರಾಯ.”

“ನಂಗೆ ಎಂಟು ಗಂಟೆಗೆ ಸ್ಕೂಲ್ ಬಸ್ಸು.”

“ಆರೂವರೆಯಿಂದ ಎಂಟರ ತನಕ ಏನ್ ಮಾಡ್ತೀಯ?”

“ಮಲಗಿರ್ತೀನಿ.”

ಲಿಖಿತಾ ನಕ್ಕಳು. “ನೀನು ನಗ್ಬೇಡ, ನಿಂದೂ ಪಾಲೈತೆ,” ಎಂದಳು ರಾಮಮ್ಮ. ಎಡಗೈಯಲ್ಲಿ ಮುದ್ದೆ ಮುರಿಯಲು ಬಾರದೆ ಅವಳು ಆ ದಿನಗಳಲ್ಲಿ ಚಮಚದಲ್ಲಿ ಅನ್ನ ತಿನ್ನುತ್ತಿದ್ದಳು.

“ನೋಡು, ಆಗೋದಾದ್ರೆ ನೋಡು,” ಎಂದ ಸಣ್ಣಸ್ವಾಮಿ ಹೆಂಡತಿಗೆ. “ಇಲ್ದಿದ್ರೆ ಇದ್ದ ಕೆಲ್ಸಾನೇ ಸಾಕು.”

“ಇದ್ದ ಕೆಲ್ಸ ಇರಲ್ಲ ಅಂತಲೇ ಅವರು ಹೇಳಿದ್ದು.”

ಸಂಕ್ರಾಂತಿಯೊಳಗೆ ಮನೆ ತಾನಿಲ್ಲದೆ ಬೆಳಗು ಮಾಡಿಕೊಳ್ಳುವುದನ್ನು ಕಲಿಯಬೇಕು, ಇಲ್ಲವಾದರೆ ಯಂತ್ರ ಇನ್ನೊಬ್ಬರ ಪಾಲು. ರಂಜಿತಾ ಲೆಕ್ಕ ಹಾಕಿದ್ದು ಇಷ್ಟೇ. ಮರುದಿನದಿಂದಲೇ ಶುರು ಮಾಡಿದಳು.

ಮೊದಲು ಮೊಬೈಲು. ಪಾತ್ರೆ ತೊಳೆದರೆ ಸಂಜೆ ಅರ್ಧ ಗಂಟೆ ಹೆಚ್ಚು ಎಂದಳು. ದೀಪಕ್ ಒಂದು ದಿನ ತೊಳೆದ, ಅರ್ಧ ಗಂಟೆಯನ್ನು ಒಂದೂವರೆ ಮಾಡಿಕೊಂಡ, ಮರುದಿನ ತಲೆನೋವೆಂದ. ಆಮೇಲೆ ಸಣ್ಣಸ್ವಾಮಿ ಕೈಖರ್ಚಿಗೆ ಕೊಡುತ್ತೇನೆ ಎಂದ. ಲೋಟಕ್ಕೂ ಕುಕ್ಕರಿಗೂ ಒಂದೇ ರೇಟು ಹೇಗಾಗುತ್ತದೆ ಎಂದು ಮಗ ಅಪ್ಪನ ಜೊತೆ ಮಂಡಿಯ ದಲ್ಲಾಳಿಯ ಹಾಗೆ ಚೌಕಾಸಿಗೆ ಕೂತ. ಸಣ್ಣಸ್ವಾಮಿ ಬೈದ. ಬೈಗುಳ ಎರಡು ದಿನ ಕೆಲಸ ಮಾಡಿತು. ಲಿಖಿತಾ ಬಾಗಿಲಲ್ಲಿ ನಿಂತರೆ ಕಾಣುವಷ್ಟು ಅಂಗಳ ಮಾತ್ರ ಗುಡಿಸಿ, ಕಾಣದ ಕಡೆಯ ಕಸವನ್ನು ದಾಸವಾಳದ ಗಿಡದ ಹಿಂದಕ್ಕೆ ತಳ್ಳುತ್ತಿದ್ದಳು.

ದೀಪಕ್ ಪಾತ್ರೆಗೆ ಕೂತ ದಿನ ರಾಮಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

“ತಳ ನೋಡ್ಲಾ, ತಳ. ಮಸಿ ಹಂಗೇ ಐತೆ.”

“ತೊಳೀತಿದೀನಿ ಅಜ್ಜಿ.”

“ಅಷ್ಟು ನೀರು ಸುರೀತಾರಾ? ಲೋಟ ಮೊದ್ಲು, ಆಮೇಲೆ ತಟ್ಟೆ. ಜಿಡ್ಡಿನ ಬಾಣಲೆ ಮುಟ್ಟಿದ ಕೈಯಲ್ಲಿ ಲೋಟ ಹಿಡೀಬ್ಯಾಡ. ಅಯ್ಯೋ, ಅದನ್ನ ಹಂಗೆ ಮಗುಚಿಟ್ರೆ ನೀರು ಹೆಂಗೆ ಸೋರ್ತದೆ?”

ದೀಪಕ್ ಎದ್ದು ನಿಂತ. “ನೀವೇ ತೊಳ್ಕೊಳ್ಳಿ,” ಎಂದು ಕೈ ಒರೆಸಿಕೊಂಡು ಒಳಗೆ ಹೋದ.

ಅರ್ಧ ತೊಳೆದ ಪಾತ್ರೆಗಳನ್ನು ರಂಜಿತಾ ತೊಳೆದಳು. ಆ ದಿನ ಅವಳಿಗೆ ಒಂಬತ್ತರ ಕೆಲಸಕ್ಕೂ ತಡವಾಯಿತು.

ತಿಂಗಳ ಮೂರನೇ ವಾರ ಭತ್ತದ ಕೊಯ್ಲಿಗೆ ತಮಿಳುನಾಡಿನ ಯಂತ್ರ ಬಂತು. ಇಡೀ ದಿನದ ಕೆಲಸವನ್ನು ಅದು ಒಂದು ಗಂಟೆಯಲ್ಲಿ ಮುಗಿಸುವುದನ್ನು ರಾಮಮ್ಮ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಪಕ್ಕದ ಮನೆಯ ಪದ್ಮಾಕ್ಷಿ ಬಂದು ಜೊತೆಗೆ ಕೂತಳು. ಅವಳು ಅಂಗನವಾಡಿ ಕಾರ್ಯಕರ್ತೆ. ಮಡಿಕೇರಿ ಆಚೆ ಅವರ ತೋಟವಿದ್ದ ಗುಡ್ಡ ಕುಸಿದ ವರ್ಷ ಈ ಕಡೆ ಬಂದು ಮನೆ ಕಟ್ಟಿಸಿಕೊಂಡಿದ್ದರು. ಮನೆಯೊಳಗೆ ತಮ್ಮ ಕಡೆಯ ಅರೆಭಾಷೆ, ಊರವರ ಜೊತೆ ಕನ್ನಡ. ಗಂಡನಿಗೆ ಮಡಿಕೇರಿಯಲ್ಲಿ ಕೆಲಸ, ಶನಿವಾರ ಬರುತ್ತಿದ್ದ. ಮಗಳು ಸಂಹಿತಾ ಎಂಟನೇ ಕ್ಲಾಸು, ಮಗ ಚಿನ್ಮಯ ಐದನೇ ಕ್ಲಾಸು.

“ನಮ್ ಕಾಲ್ದಲ್ಲಿ ಇದಕ್ಕೆ ಮುಯ್ಯಾಳು ಕರೀತಿದ್ವಿ ಟೀಚರಮ್ಮ,” ಎಂದಳು ರಾಮಮ್ಮ. “ಇವತ್ತು ನೀವು ನಮ್ ಗದ್ದೆಗೆ ಬನ್ನಿ, ನಾಳೆ ನಾವು ನಿಮ್ ಗದ್ದೆಗೆ. ಕೂಲಿ ಇಲ್ಲ. ಸ್ವಂತ ಗದ್ದೇಲಿ ಬೆನ್ನು ನೋವು ಅಂತ ಕೂರೋ ಹೆಂಗ್ಸು ಇನ್ನೊಬ್ರ ಗದ್ದೇಲಿ ತಲೆ ಎತ್ತದೆ ಕುಯ್ಯೋಳು. ಅಲ್ಲಿ ಕೂತ್ರೆ ಮರ್ಯಾದೆ ಹೋಯ್ತದಲ್ಲ.”

“ನಮ್ಮ ಕಡೆಯೂ ಹಾಗೇ ಇತ್ತು ದೊಡ್ಡಮ್ಮ. ಈಗ ನನ್ನ ಮಕ್ಕಳನ್ನು ನೋಡಿ, ಮನೆಯಲ್ಲಿ ಕುಡಿದ ಲೋಟ ಎತ್ತುದಿಲ್ಲ. ಮೊನ್ನೆ ನಿಮ್ಮಲ್ಲಿ ಚಿನ್ಮಯ ಸೌದೆ ಹೊತ್ತನಂತೆ. ನನಗೆ ನಂಬ್ಲಿಕ್ಕೇ ಆಗ್ಲಿಲ್ಲ ಮಾರಾಯ್ರೆ.”

“ಚೆನ್ನಾಗೇ ಹೊತ್ತ.”

ಯಂತ್ರ ಗದ್ದೆಯ ಮೂಲೆಯಲ್ಲಿ ತಿರುಗಿತು. ರಾಮಮ್ಮ ಅದು ಪೂರ್ತಿ ತಿರುಗುವುದನ್ನು ನೋಡಿದಳು.

“ಹಂಗಾದ್ರೆ ಬದ್ಲಾಯ್ಸಣ,” ಎಂದಳು.

“ಏನನ್ನು?”

“ಮಕ್ಕಳನ್ನ.”

ಪದ್ಮಾಕ್ಷಿ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಯೋಚಿಸಿದಳು. ಸಂಜೆಯ ಹೊತ್ತಿಗೆ ಎರಡೂ ಮನೆಯವರು ರಾಮಮ್ಮನ ಜಗಲಿಯಲ್ಲಿ ಸೇರಿದರು. ದೀಪಕ್, ಲಿಖಿತಾ ಬೆಳಿಗ್ಗೆ ಎದ್ದು ಪದ್ಮಾಕ್ಷಿಯ ಮನೆಗೆ; ಸಂಹಿತಾ, ಚಿನ್ಮಯ ಇಲ್ಲಿಗೆ. ಸ್ಕೂಲ್ ಬಸ್ಸಿನ ಹೊತ್ತಿನವರೆಗೆ ಕೆಲಸ. ಮಕ್ಕಳಿಗೆ ಇದು ಆಟದ ಹಾಗೆ ಕಂಡಿತು. ರಾಮಮ್ಮನಿಗೆ ಆಟವಾಗಿರಲಿಲ್ಲ.

“ಮುಯ್ಯಾಳು ಅಂದ್ಮೇಲೆ ಕಟ್ಟುಪಾಡು ಐತೆ,” ಎಂದಳು. “ಬಂದ ಆಳಿಗೆ ಬೈಯಂಗಿಲ್ಲ. ಮಾಡಿದ್ದು ಸರಿ ಇಲ್ಲ ಅಂತ ಮುಖದ ಮೇಲೆ ಹೇಳಂಗಿಲ್ಲ. ಹೊಟ್ಟೆ ತುಂಬ ಒಳ್ಳೇದು ಹಾಕ್ಬೇಕು. ಕರೆದ ಮನೆಯೋರು ಯಾವ ಕೆಲ್ಸ ಹೇಳ್ತಾರೋ ಆಳು ಅದನ್ನ ಮಾಡ್ಬೇಕು. ಕಳ್ಸಿದ ಮನೆಯೋರು ಅದ್ಯಾಕೆ ಇದ್ಯಾಕೆ ಅಂತ ಕೇಳಂಗಿಲ್ಲ.”

“ಒಪ್ಪಿಗೆ,” ಎಂದಳು ಪದ್ಮಾಕ್ಷಿ.

ಮೊದಲ ವಾರ ಯಾರೂ ನಂಬದಷ್ಟು ಚೆನ್ನಾಗಿ ನಡೆಯಿತು. ದೀಪಕ್‌ನನ್ನು ಎಬ್ಬಿಸಬೇಕಾಗಲಿಲ್ಲ. “ಟೀಚರಮ್ಮ ಕಾಯ್ತಿರ್ತಾರೆ,” ಎಂದು ತಾನೇ ಎದ್ದು, ಸ್ವೆಟರ್ ಸಿಕ್ಕಿಸಿಕೊಂಡು, ತಂಗಿಯ ಹೊದಿಕೆ ಎಳೆಯುತ್ತಿದ್ದ. ಈ ಮನೆಯಲ್ಲಿ ಸಂಹಿತಾ ಪಾತ್ರೆ ತೊಳೆದಳು, ಚಿನ್ಮಯ ಹಾಸಿಗೆ ಮಡಚಿ, ಕೊಡಪಾನಗಳಿಗೆ ನೀರು ತುಂಬಿದ. ರಂಜಿತಾ ಅಭ್ಯಾಸಕ್ಕೆಂದು ಎರಡು ದಿನ ಆರೂವರೆಗೇ ಬಸ್ಸು ಹತ್ತಿ, ಕ್ಯೂರಿಂಗಿನ ಗೇಟಿನ ಹತ್ತಿರ ಕೂತು, ಒಂಬತ್ತರವರೆಗೆ ಕಾದಳು. ಮನೆಯಿಂದ ಫೋನು ಬರಲಿಲ್ಲ.

ತೊಡಕು ಊಟದಿಂದ ಶುರುವಾಯಿತು.

“ಮುಯ್ಯಾಳಿಗೆ ಬರೀ ಉಪ್ಪಿಟ್ಟು ಹಾಕ್ತಾರಾ?” ಎಂದಳು ರಾಮಮ್ಮ ಒಂದು ದಿನ. “ಅವರೆಕಾಯಿ ಕಾಲ. ರೊಟ್ಟಿ ತಟ್ಟು, ಅವರೆಕಾಳು ಪಲ್ಯ ಮಾಡು. ಅಲ್ಲಿ ನಮ್ ಮಕ್ಕಳಿಗೆ ದಿನಾ ಕಡುಬು, ನೀರುದೋಸೆ ಅಂತೆ.”

“ನಂಗೆ ಕೆಲ್ಸ ಕಮ್ಮಿ ಆಗ್ಲಿ ಅಂತ ಅವರನ್ನ ಕರೆಸಿದ್ದು ಅತ್ತೆ. ಈಗ ನಾಲ್ಕೂವರೆಗೆ ಎದ್ದು ಅವರೆಕಾಳು ಬೇಯಿಸ್ತಾ ಕೂತಿದೀನಿ.”

“ಊರಲ್ಲಿ ಹೆಸ್ರು ಹೋಯ್ತದೆ.”

“ಎರಡು ಮಕ್ಕಳ ಹತ್ರ ಯಾವ ಹೆಸ್ರು?”

“ಮಕ್ಕಳೇ ಹೇಳಾದು ಊರಿಗೆಲ್ಲ.”

ರಂಜಿತಾ ರೊಟ್ಟಿ ತಟ್ಟಿದಳು. ಸಂಜೆ ಲಿಖಿತಾ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. “ಅವ್ರಿಗೆ ಬಿಸಿ ಬಿಸಿ, ನಮಗೆ ಮಿಕ್ಕಿದ್ದು. ನಾವೇನು ಈ ಮನೆ ಮಕ್ಕಳಲ್ವಾ?”

“ನೀನು ಅಲ್ಲಿ ಬಿಸಿ ತಿಂದು ಬಂದಿಲ್ವಾ?”

“ಅದು ಬೇರೆ.”

ಎರಡನೆಯ ತೊಡಕು ರಸ್ತೆ ಬದಿಯ ಟೀ ಅಂಗಡಿಯಲ್ಲಿ ಸಣ್ಣಸ್ವಾಮಿಯನ್ನು ಕಾಯುತ್ತಿತ್ತು. ಶುಂಠಿ ವ್ಯಾಪಾರದ ಕೆಂಪಣ್ಣ ಬೆಂಚಿನ ಮೇಲೆ ಜಾಗ ಬಿಟ್ಟು ಕೂರಿಸಿಕೊಂಡು, ಪೂರ್ತಿ ಟೀ ಕುಡಿಯುವವರೆಗೆ ಬೇರೆ ಮಾತಾಡಿದ.

“ಅಲ್ಲ ಸಣ್ಸ್ವಾಮಿ, ನಿನ್ ಮಗ ಟೀಚರಮ್ಮನ ಮನೆ ಬಚ್ಚಲು ತಿಕ್ತಾನಂತಲ್ಲ. ನಮ್ಮನೇಲೂ ಒಂದು ಬಚ್ಚಲೈತೆ. ವಾರಕ್ಕೊಂದಿನ ಕಳ್ಸು.”

ಅಂಗಡಿಯವನೂ ನಕ್ಕ. ಸಣ್ಣಸ್ವಾಮಿ ಮನೆಗೆ ಬಂದವನೇ ತಾಯಿಯ ಮುಂದೆ ನಿಂತ.

“ನಿಂಗೆ ಗೊತ್ತಿತ್ತಾ?”

ರಾಮಮ್ಮನಿಗೆ ಗೊತ್ತಿತ್ತು. ಹಿಂದಿನ ದಿನವೇ ಬೇಲಿಯ ಆಚೆ ದೀಪಕ್ ಪದ್ಮಾಕ್ಷಿಯ ಸೀರೆ ಕೊಡವಿ ಹಗ್ಗಕ್ಕೆ ಹಾಕುವುದನ್ನು ಅವಳು ಕಂಡಿದ್ದಳು. ಹುಡುಗನಿಗೆ ಸೌದೆ ಒಡೆಯುವುದೋ ನೀರು ಹೊರುವುದೋ ಹೇಳುತ್ತಾರೆ ಎಂದು ಅವಳು ಎಣಿಸಿದ್ದಳು. ಗದ್ದೆಯ ಮುಯ್ಯಲ್ಲಿ ಗಂಡಾಳು ಬೇರೆ, ಹೆಣ್ಣಾಳು ಬೇರೆ. ಅದನ್ನು ಬಾಯಿಬಿಟ್ಟು ಹೇಳಬೇಕು ಎಂದು ಆ ಸಂಜೆ ಅವಳಿಗೆ ಹೊಳೆದಿರಲಿಲ್ಲ.

“ಕೇಳಂಗಿಲ್ಲ ಅಂತ ನಾನೇ ಹೇಳ್ಬಿಟ್ಟಿದೀನಿ,” ಎಂದಳು.

“ಹಂಗಂತ ಬಚ್ಚಲು ತಿಕ್ಕಿಸ್ತಾರಾ ಗಂಡು ಹುಡ್ಗನ ಕೈಲಿ? ನಾಳೆಯಿಂದ ಹೋಗಲ್ಲ ಅವನು.”

ರಂಜಿತಾ ಒಲೆಯ ಹತ್ತಿರದಿಂದ ತಿರುಗಿದಳು. “ಬಚ್ಚಲು ತಿಕ್ಕಿದ್ರೆ ಏನಾಯ್ತು? ಹದಿನೈದು ವರ್ಷದಿಂದ ನಾನು ತಿಕ್ತಿದೀನಿ. ನನ್ನ ಬಗ್ಗೆ ಯಾರೂ ಟೀ ಅಂಗ್ಡೀಲಿ ಕೇಳ್ಲಿಲ್ವಲ್ಲ.”

“ನೀನು ಸುಮ್ನಿರು.”

“ಯಾಕೆ ಸುಮ್ನಿರ್ಲಿ? ಅವನನ್ನೇ ಕೇಳಿ. ಬಾ ಇಲ್ಲಿ ದೀಪು, ಕಷ್ಟ ಆಯ್ತಾ?”

“ಅವ್ರದ್ದು ಟೈಲ್ಸ್ ಬಚ್ಚಲು,” ಎಂದ ದೀಪಕ್. “ಉದ್ದ ಬ್ರಶ್ ಐತೆ. ಕಷ್ಟ ಏನಿಲ್ಲ.”

“ಮತ್ತೆ ನಮ್ಮನೇದು ಯಾಕೆ ತಿಕ್ಕಲ್ಲ?”

“ಅಲ್ಲಿ ಒಂದ್ಸಲ ಹೇಳಿ ಒಳಗೆ ಹೋಗ್ತಾರೆ. ಮುಗಿದ್ಮೇಲೆ ನೋಡಿ ‘ಆಯ್ತು’ ಅಂತಾರೆ. ಇಲ್ಲಿ ನಾನು ತಿಕ್ಕಿದ್ಮೇಲೆ ಅಜ್ಜಿ ಬಂದು ಮತ್ತೆ ತಿಕ್ಕುತ್ತೆ. ಅಜ್ಜಿನೇ ತಿಕ್ಕೋದಾದ್ರೆ ನಾನ್ಯಾಕೆ?”

“ಕೊಳಕು ಬಿಟ್ರೆ ಇನ್ನೇನ್ ಮಾಡ್ಲಿ?” ಎಂದಳು ರಾಮಮ್ಮ.

ಮರುದಿನ ಬೆಳಿಗ್ಗೆ ಸಣ್ಣಸ್ವಾಮಿ ಏಳುವ ಮೊದಲೇ ದೀಪಕ್ ಪದ್ಮಾಕ್ಷಿಯ ಮನೆಗೆ ಹೋಗಿದ್ದ.

ಹೊಸ ವರ್ಷ ಬಂತು. ಕೊಯ್ದ ಗದ್ದೆಯ ಮೇಲೆ ಬೆಳಿಗ್ಗೆ ಎಂಟರವರೆಗೂ ಮಂಜು. ಕ್ಯೂರಿಂಗಿನಲ್ಲಿ ಯಂತ್ರದ ಕಂಪನಿಯವನು ಬಂದು ರಂಜಿತಾಳಿಗೂ ಇನ್ನಿಬ್ಬರು ಹುಡುಗಿಯರಿಗೂ ಗುಂಡಿಗಳನ್ನು ತೋರಿಸಿಕೊಟ್ಟು ಹೋದ. ಇನ್ನಿಬ್ಬರಿಗೂ ಮದುವೆಯಾಗಿರಲಿಲ್ಲ, ಇಬ್ಬರೂ ಏಳು ಗಂಟೆಗೆ ಬರಲು ತಯಾರಿದ್ದರು.

ಆ ವಾರ ಒಂದು ಬೆಳಿಗ್ಗೆ ಸಂಹಿತಾ ಕೆಲಸ ಮುಗಿಸಿ, ತಿಂಡಿ ತಿಂದು ಹೊರಟವಳು, ಮರೆತ ಜಡೆ ರಿಬ್ಬನ್ನಿಗಾಗಿ ವಾಪಸು ಬಂದಳು. ಹಿತ್ತಿಲಲ್ಲಿ ರಾಮಮ್ಮ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಪ್ಲಾಸ್ಟರ್ ಕೈಗೆ ಹಾಲಿನ ಪ್ಯಾಕೆಟ್ಟಿನ ಕವರು ಕಟ್ಟಿಕೊಂಡು, ಸಂಹಿತಾ ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಮತ್ತೆ ತೊಳೆಯುತ್ತಿದ್ದಳು.

“ಅಜ್ಜಿ, ಅದು ನಾನು ತೊಳೆದದ್ದು.”

“ಗೊತ್ತು ಕಣವ್ವ. ಅಂಚಲ್ಲಿ ವಸಿ ಸೋಪು ಉಳ್ಕಂಡಿತ್ತು.”

“ಹೇಳಿದ್ರೆ ನಾನೇ ತೊಳೀತಿದ್ದೆ.”

“ಮುಯ್ಯಾಳಿಗೆ ಹೆಂಗೆ ಹೇಳಾದು?”

“ದಿನಾ ಹೀಗೇ ಮಾಡ್ತೀರಾ?”

ರಾಮಮ್ಮ ಸೌಟು ತಿಕ್ಕಿದಳು. ಹುಡುಗಿ ರಿಬ್ಬನ್ ತೆಗೆದುಕೊಂಡು ಹೋದಳು. ಸಂಜೆ ಅವಳು ತಾಯಿಗೆ ಹೇಳಿದಳು, ಪದ್ಮಾಕ್ಷಿ ರಂಜಿತಾಳಿಗೆ ಹೇಳಿದಳು. ರಂಜಿತಾ ಬಂದು ಅತ್ತೆಯ ಕೈ ಹಿಡಿದು ನೋಡಿದಳು. ಪ್ಲಾಸ್ಟರಿನ ತುದಿ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಒಳಗಿನಿಂದ ವಾಸನೆ ಬರುತ್ತಿತ್ತು.

ಮರುದಿನ ರಂಜಿತಾ ರಜೆ ಹಾಕಿ ಅತ್ತೆಯನ್ನು ಪಿಕಪ್ಪಿನಲ್ಲಿ ಕುಶಾಲನಗರಕ್ಕೆ ಕರೆದುಕೊಂಡು ಹೋದಳು. ಸಣ್ಣಸ್ವಾಮಿ ಗಾಡಿ ಓಡಿಸಿದ. ಡಾಕ್ಟರು ಹಳೆಯದನ್ನು ಕತ್ತರಿಸಿ, ತೋಯ್ದು ಬಿಳಿಚಿದ್ದ ಚರ್ಮ ಒಣಗಿಸಿ, ಮತ್ತೆ ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಾಗಿ ಕೂಡಿರಲಿಲ್ಲ. ಹೊಸ ಪ್ಲಾಸ್ಟರ್, ಇನ್ನೂ ಒಂದು ತಿಂಗಳು.

ಹಿಂತಿರುಗುವಾಗ ಕೂಡಿಗೆಯ ಹತ್ತಿರ ರಂಜಿತಾ ಮಾತು ತೆಗೆದಳು.

“ಮ್ಯಾನೇಜರು ಏನಂದ್ರು ಗೊತ್ತಾ ಅತ್ತೆ? ‘ಈಗಲೇ ಹಿಂಗೆ ರಜೆ ಹಾಕಿದ್ರೆ ಯಂತ್ರದ ಹತ್ರ ಯಾರು ನಿಲ್ತಾರಮ್ಮ’ ಅಂದ್ರು.”

“ನಾನೇನ್ ಬೇಕೂಂತ ಮಾಡಿದ್ನಾ?”

“ಬೇಡ ಅಂತ ಡಾಕ್ಟ್ರು ಹೇಳಿದ್ರು. ಬೇಡ ಅಂತ ನಾನು ಹೇಳಿದ್ದೆ. ಸ್ವಲ್ಪ ಸೋಪು ಉಳಿದ ತಟ್ಟೇಲಿ ಉಂಡಿದ್ರೆ ಯಾರೂ ಸಾಯ್ತಿರ್ಲಿಲ್ಲ.”

“ಬಿಡೇ ಅದನ್ನ,” ಎಂದ ಸಣ್ಣಸ್ವಾಮಿ.

“ಬಿಟ್ಟಿದೀನಿ. ಕೆಲ್ಸಾನೂ ಬಿಡ್ತೀನಿ.”

ಆ ಸಂಜೆ ಪದ್ಮಾಕ್ಷಿ ಬೇಲಿಯ ಹತ್ತಿರ ಬಂದು ನಿಂತಳು, ಒಳಗೆ ಬರಲಿಲ್ಲ. “ದೊಡ್ಡಮ್ಮ, ಬೇಜಾರು ಮಾಡ್ಬೇಡಿ. ಸಂಹಿತಾ ಇನ್ನು ಬರುದಿಲ್ಲ ಅಂತಿದ್ದಾಳೆ. ಅವಳ ಕೆಲಸ ನಿಮಗೆ ಹಿಡಿಸ್ಲಿಲ್ಲ ಅಂತ ಅವಳಿಗೆ ಬೇಸರ ಉಂಟು. ಅವಳು ಬಾರದೆ ನಿಮ್ಮ ಮಕ್ಕಳನ್ನು ಮಾತ್ರ ನಾನು ಕರೆಸಿಕೊಳ್ಳುದು ಸರಿಯಲ್ಲ ಅಲ್ವಾ?”

“ಸರಿಯಲ್ಲ,” ಎಂದು ರಾಮಮ್ಮನೂ ಒಪ್ಪಿದಳು. ಮುಯ್ಯಿ ಅಲ್ಲಿಗೆ ನಿಂತಿತು. ಮರುದಿನ ದೀಪಕ್ ಏಳೂವರೆಗೆ ಎದ್ದ. ಪಾತ್ರೆಗಳು ಮತ್ತೆ ಕಲ್ಲಿನ ಪಕ್ಕ ಉಳಿದವು.

ಸಂಕ್ರಾಂತಿಯ ದಿನ ಬೆಳಿಗ್ಗೆ ರಂಜಿತಾ ಅಂಗಳದ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಒಳಗೆ ಲಿಖಿತಾ ಎಳ್ಳು, ಬೆಲ್ಲ, ಕೊಬ್ಬರಿ ಬೆರೆಸುತ್ತಿದ್ದಳು. ರಾಮಮ್ಮ ಎಡಗೈಯಲ್ಲಿ ಕಡಲೆ ಆರಿಸಿ ಕೊಡುತ್ತಿದ್ದಳು. ಕಿಟಕಿ ತೆರೆದಿತ್ತು.

“ಆಗಲ್ಲ ಅಂತ ಕಾಣುತ್ತೆ ಸರ್. ಅತ್ತೆಗೆ ಇನ್ನೊಂದು ತಿಂಗಳು... ಇಲ್ಲ ಸರ್, ಮಕ್ಕಳು ಚಿಕ್ಕವರೇನಲ್ಲ... ಹೌದು ಸರ್. ಆಯ್ತು.”

ಒಳಗೆ ಬಂದಾಗ ರಾಮಮ್ಮ ಕೇಳಿದಳು, “ಏನಂದ್ರು?”

“ಸೋಮವಾರ ಏಳಕ್ಕೆ ಯಂತ್ರ ಶುರುವಂತೆ. ಬಂದ್ರೆ ಬಂದಂಗೆ. ಬರ್ದಿದ್ರೆ ಆ ಹುಡುಗೀರಲ್ಲಿ ಒಬ್ಳನ್ನ ಹಾಕ್ತಾರಂತೆ.”

“ಏನ್ ಮಾಡ್ತೀಯ?”

“ಒಂಬತ್ತಕ್ಕೆ ಹೋಗ್ತೀನಿ. ಸಾಲು ಇರೋ ತನಕ ಕೂತು ಬೀಜ ಆರಿಸ್ತೀನಿ.”

ದೀಪಕ್ ಬಾಗಿಲಲ್ಲಿ ನಿಂತು ಕಬ್ಬು ಸಿಗಿಯುತ್ತಿದ್ದ. “ನಾನು ಮಾಡ್ತೀನಿ ಅಂದ್ರೆ?”

“ಏನು?”

“ಬೆಳಗಿನ ಕೆಲ್ಸ. ಪಾತ್ರೆ, ಬಚ್ಚಲು, ನೀರು ನಂದು. ಕಸ, ಹಾಸಿಗೆ ಲಿಖಿತಾದು. ಎರಡು ವಾರ ಅಲ್ಲಿ ಮಾಡಿದ್ವಲ್ಲ.”

“ಹೌದಾ ಲಿಖಿ?”

“ನಾನೂ ಮಾಡ್ತೀನಿ,” ಎಂದಳು ಲಿಖಿತಾ. “ಅಣ್ಣ ಹೇಳ್ಲಿ.”

“ಏನು ಹೇಳ್ಬೇಕು?”

ದೀಪಕ್ ಕಬ್ಬಿನ ಸಿಪ್ಪೆಯನ್ನು ಹೊರಗೆ ಉಗಿದ. “ಅಜ್ಜಿ ಇಲ್ಲಿರ್ಬಾರ್ದು.”

ಸಣ್ಣಸ್ವಾಮಿ ಒಳಗಿನಿಂದ ಎದ್ದು ಬಂದ. “ಏನಂದೆ?”

“ಬೆಳಿಗ್ಗೆ ಹೊತ್ತು ಮಾತ್ರ ಅಪ್ಪ. ಬಸ್ಸು ಬರೋ ತನಕ. ಮನೆ ಬಿಟ್ಟು ಹೋಗ್ಲಿ ಅನ್ಲಿಲ್ಲ ನಾನು.”

“ಹೋಗ್ಲಿ ಅಂದಂಗೇ ಆಯ್ತಲ್ಲೋ. ಯಾರ ಮನೇಲಿ ನಿಂತು ಯಾರಿಗೆ ಹೇಳ್ತಿದೀಯ? ಹಬ್ಬದ ದಿನ ಅಂತ ಬಿಟ್ಟಿದೀನಿ.”

“ದೀಪು, ಒಳಗೆ ಹೋಗು,” ಎಂದಳು ರಂಜಿತಾ. ಅಷ್ಟೇ ಹೇಳಿದಳು. ತಪ್ಪು ಎನ್ನಲಿಲ್ಲ, ಅಜ್ಜಿಯ ಹತ್ತಿರ ಕ್ಷಮೆ ಕೇಳು ಎನ್ನಲಿಲ್ಲ. ರಾಮಮ್ಮ ಸೊಸೆಯ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಡಲೆಯ ತಟ್ಟೆಯನ್ನು ಲಿಖಿತಾಳ ಕಡೆ ತಳ್ಳಿ ಎದ್ದಳು.

ಮಧ್ಯಾಹ್ನ ಸಿಹಿಪೊಂಗಲು ಬಡಿಸಿದಾಗ ಹಸಿವಿಲ್ಲ ಎಂದಳು. ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಏನಾದರೂ ಬೇಕಾದರೆ ಲಿಖಿತಾಳಿಗೆ ಹೇಳುತ್ತಿದ್ದಳು, ಅದೂ ಹೆಸರು ಹಿಡಿಯದೆ. ಸಣ್ಣಸ್ವಾಮಿ ಮಗನನ್ನು ತಾಯಿಯ ಮುಂದೆ ತಂದು ನಿಲ್ಲಿಸಿದ. ದೀಪಕ್ “ತಪ್ಪಾಯ್ತು” ಎಂದ. “ತಪ್ಪೇನ್ ಬಂತು,” ಎಂದಳು ರಾಮಮ್ಮ, ಗೋಡೆಯ ಕಡೆ ನೋಡುತ್ತ.

ಭಾನುವಾರ ಸಂಜೆ ರಂಜಿತಾ ಅವಳಿಗೆ ತಲೆ ಬಾಚುತ್ತಿದ್ದಳು. ಕೈ ಮುರಿದ ಮೇಲೆ ಅದೂ ಅವಳದೇ ಕೆಲಸವಾಗಿತ್ತು.

“ನಾಳೆ ಆರೂವರೆ ಬಸ್ಸಿಗೆ ಹೋಗು,” ಎಂದಳು ರಾಮಮ್ಮ.

ಬಾಚಣಿಗೆ ನಿಂತಿತು. “ಮನೆ?”

“ಮನೆ ಎಲ್ಲಿ ಹೋಯ್ತದೆ? ಇಲ್ಲೇ ಇರ್ತದೆ.”

“ಅತ್ತೆ, ಅವನು ಹುಡುಗ. ಅವನ ಮಾತು ಹಿಡ್ಕೊಂಡು...”

“ಹುಡುಗನ ಮಾತಲ್ಲ ಅದು. ನೀವೆಲ್ಲ ಬಾಯಿ ಬಿಡ್ದೇ ಇದ್ದಿದ್ದನ್ನ ಅವನು ಬಾಯಿಬಿಟ್ಟ. ಬಿಗಿಯಾಗಿ ಹಾಕು ಜಡೆ, ಬಿಚ್ಚೋಯ್ತದೆ.”

ಸೋಮವಾರ ಇನ್ನೂ ಬೆಳಕು ಹರಿಯುವ ಮೊದಲೇ ಪದ್ಮಾಕ್ಷಿ ಬಾಗಿಲು ತೆರೆದಾಗ ರಾಮಮ್ಮ ಶಾಲು ಹೊದ್ದು ಸಿಟ್‌ಔಟಿನ ಮೆಟ್ಟಿಲ ಮೇಲೆ ನಿಂತಿದ್ದಳು.

“ಏನು ದೊಡ್ಡಮ್ಮ, ಇಷ್ಟು ಬೇಗ?”

“ಮುಯ್ಯಾಳು ಬಂದಿದೀನಿ.”

“ಈ ಕೈಯಲ್ಲಿ ಏನು ಕೆಲಸ ಮಾಡುದು ನೀವು?”

“ಏನೂ ಮಾಡಲ್ಲ. ಮಕ್ಕಳು ಬಸ್ಸು ಹತ್ತೋಗಂಟ ಕೂತಿರ್ತೀನಿ.”

“ಹಾಗಾದ್ರೆ ಬದಲಿಗೆ ನಾನು ಯಾರನ್ನು ಕಳಿಸುದು?”

“ಯಾರನ್ನೂ ಕಳಿಸ್ಬ್ಯಾಡ.”

ಪದ್ಮಾಕ್ಷಿ ಅವಳನ್ನೊಮ್ಮೆ, ಬೇಲಿಯ ಆಚೆಯ ದೀಪದ ಬೆಳಕನ್ನೊಮ್ಮೆ ನೋಡಿದಳು. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ಕಾಫಿಗೆ ನೀರಿಡಲು ಹೋದಳು. ಒಳಗೆ ಸಂಹಿತಾ ಮತ್ತು ಚಿನ್ಮಯ ಕಸ ಯಾರು ಗುಡಿಸಬೇಕೆಂದು ಜಗಳ ಶುರು ಮಾಡಿದ್ದರು. “ನೀನು ದೊಡ್ಡವಳಲ್ವಾ” ಎಂದು ಚಿನ್ಮಯ, “ನಿನಗೆ ಕೈ ಇಲ್ವಾ” ಎಂದು ಸಂಹಿತಾ. ರಾಮಮ್ಮ ಅದಕ್ಕೂ ಬಾಯಿ ಹಾಕಲಿಲ್ಲ.

ಕುರ್ಚಿಯಿಂದ ಅವಳ ಮನೆಯ ಹಿತ್ತಿಲು ಪೂರ್ತಿ ಕಾಣುತ್ತಿತ್ತು. ದೀಪಕ್ ಪಾತ್ರೆಗಳನ್ನೆಲ್ಲ ಒಟ್ಟಿಗೆ ಕಲ್ಲಿನ ಮೇಲೆ ಸುರಿದ. ಬಾಣಲೆ ಮೊದಲು ಎತ್ತಿಕೊಂಡ, ಆಮೇಲೆ ಅದೇ ಜಿಡ್ಡು ಕೈಯಲ್ಲಿ ಲೋಟ. ಲಿಖಿತಾ ಗೇಟಿನಿಂದ ಮನೆಯ ಕಡೆಗೆ ಗುಡಿಸಿಕೊಂಡು ಬಂದಳು. ಕಸವೆಲ್ಲ ಹೊಸ್ತಿಲ ಹತ್ತಿರ ಗುಡ್ಡೆಯಾಯಿತು. ರಾಮಮ್ಮನ ಎಡಗೈ ಶಾಲಿನ ಅಂಚನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು.

ಹಲ್ಲುಜ್ಜುತ್ತ ಹೊರಗೆ ಬಂದ ಸಣ್ಣಸ್ವಾಮಿ ತಾಯಿಯನ್ನು ಅಲ್ಲಿ ನೋಡಿ, ಬಾಯಿ ಮುಕ್ಕಳಿಸಿ, ಬೇಲಿಯ ಹತ್ತಿರ ಬಂದ.

“ಅವ್ವ, ಒಳಗೆ ಬಾ. ರಸ್ತೇಲಿ ಹೋಗೋರು ನೋಡ್ತಾರೆ.”

“ನೋಡ್ಲಿ.”

“ಸೊಸೆ ಮನೆಯಿಂದ ಎಬ್ಬಿಸಿದ್ಲು ಅಂತಾರೆ.”

“ಕೆಂಪಣ್ಣಂಗೆ ನಾನು ಹೇಳ್ತೀನಿ ಬಿಡು. ನೀನು ಹೋಗಿ ನಿನ್ ಹಾಸಿಗೆ ಮಡಚು, ಅದೊಂದು ಉಳ್ದೈತೆ.”

ಅವನು ಹೋದ. ರಂಜಿತಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟು ದಾಟಿ, ಪದ್ಮಾಕ್ಷಿಯ ಮನೆಯ ಮುಂದೆ ಬರುವಾಗ ಹೆಜ್ಜೆ ನಿಧಾನ ಮಾಡಿದಳು. ಮಂಜಿನ ಆಚೆ, ರಸ್ತೆಯ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು.

ಆಗ ಹಿತ್ತಿಲಲ್ಲಿ ಏನೋ ದೊಡ್ಡದು ಬಿತ್ತು. ಬಿದ್ದು, ಉರುಳಿ, ಇನ್ನೊಂದಕ್ಕೆ ಬಡಿಯಿತು. ಲಿಖಿತಾ ಕೂಗಿದಳು. ದೀಪಕ್ ಅವಳಿಗೆ ಏನೋ ಬೈದ.

ರಂಜಿತಾ ನಿಂತಳು, ಮನೆಯ ಕಡೆ ತಿರುಗಿದಳು. ರಾಮಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು, ಒಂದು ಕಾಲು ಮೆಟ್ಟಿಲ ಕೆಳಗಿತ್ತು.

“ಯಾವ್ದೋ ಪಾತ್ರೆ,” ಎಂದಳು. “ನೀನು ಹೋಗು. ಬಸ್ಸು ಬಂತು.”

“ಒಂದ್ಸಲ ನೋಡಿ...”

“ಹೋಗೇ.”

ರಂಜಿತಾ ಓಡಿದಳು. ಬಸ್ಸು ನಿಂತು, ಅವಳನ್ನು ಹತ್ತಿಸಿಕೊಂಡು, ಕೂಡಿಗೆಯ ಕಡೆ ಹೊರಟಿತು. ರಾಮಮ್ಮ ಇಳಿಸಿದ ಕಾಲನ್ನು ಮೇಲಕ್ಕೆ ತೆಗೆದುಕೊಂಡು ಮತ್ತೆ ಕೂತಳು. ಪದ್ಮಾಕ್ಷಿ ಕಾಫಿ ಲೋಟ ಹಿಡಿದು ಬಂದಳು.

“ಏನು ಬಿದ್ದದ್ದು ದೊಡ್ಡಮ್ಮ?”

“ಗೊತ್ತಿಲ್ಲ. ಟೀಚರಮ್ಮ, ಈ ಕುರ್ಚಿನ ವಸಿ ಆ ಕಡೆ ತಿರುಗ್ಸು.”

“ಯಾವ ಕಡೆ?”

“ನಾಲೆ ಕಡೆ.”

ಪದ್ಮಾಕ್ಷಿ ಕುರ್ಚಿ ತಿರುಗಿಸಿದಳು. ನಾಲೆಯ ಏರಿಯ ಮೇಲೆ ಮಂಜಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ರಾಮಮ್ಮ ಎಡಗೈಯಲ್ಲಿ ಲೋಟ ಹಿಡಿದು ಕೂತಳು. ಬೆನ್ನ ಹಿಂದೆ, ತನ್ನ ಮನೆಯ ಹಿತ್ತಿಲಲ್ಲಿ, ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಯಾರೂ ಅದನ್ನು ಇನ್ನೂ ನಿಲ್ಲಿಸಿರಲಿಲ್ಲ.